ಹಿಪ್ಪರಗಾ ಕೆರೆ: ನೆರೆಯೂರಿನ ಒಂದು ಪಾಠಶಾಲೆ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬುದು ಹಿರಿಯರ ನುಡಿ. ಪ್ರವಾಸವೆಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸು ಹಂಪೆ, ಬಾದಾಮಿ, ವಿಜಯಪುರಗಳತ್ತ ಹಾರುವುದು ಸಹಜ. ಅವೆಲ್ಲವೂ ಅವಶ್ಯವಾಗಿ ನೋಡತಕ್ಕ ಸ್ಥಳಗಳೇ ಸರಿ. ಆದರೆ ದೂರದ ಗುಡಿಗೋಪುರಗಳ ಹೆಸರುಗಳನ್ನು ಬಾಯಿಪಾಠವಾಗಿ ಒಪ್ಪಿಸುವ ಬಾಲಕನು, ತನ್ನ ಊರಿನ ಸುತ್ತಲಿನ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿಗೆ ಹರಿಯುತ್ತದೆ ಎಂದು ಕೇಳಿದರೆ ನಿರುತ್ತರನಾಗುವುದುಂಟು. ಈ ಕೊರತೆಯನ್ನು ನೀಗಿಸಬಲ್ಲ ಒಂದು ಸ್ಥಳವು ನಮ್ಮ ಚಿಂಚೋಳಿ ಎಂಐಡಿಸಿಯಿಂದ ಒಂದೇ ದಿನದಲ್ಲಿ ಹೋಗಿಬರುವಷ್ಟು ಸಮೀಪದಲ್ಲಿದೆ. ಅದೇ ಸೊಲ್ಲಾಪುರ ನಗರದ ಹೊರವಲಯದ ಹಿಪ್ಪರಗಾ ಕೆರೆ. ಸರಕಾರಿ ದಾಖಲೆಗಳಲ್ಲಿ ಇದಕ್ಕೆ ಎಕ್ರುಖ ಕೆರೆಯೆಂದು ಹೆಸರು. ಅಲ್ಲಿಗೆ ಹೋಗುವ ಮುನ್ನ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ವಿದ್ಯಾರ್ಥಿಗಳಿಗಾಗಿಯೂ ಪಾಲಕರಿಗಾಗಿಯೂ ಇಲ್ಲಿ ನಿರೂಪಿಸಲಾಗಿದೆ.

ದಾರಿ ಮತ್ತು ಊರು

ಪುಣೆ ರಸ್ತೆಯಲ್ಲಿರುವ ನಮ್ಮ ಚಿಂಚೋಳಿಯಿಂದ ಎಸ್.ಟಿ. ಬಸ್ಸನ್ನೇರಿ ಮೊದಲು ಸೊಲ್ಲಾಪುರಕ್ಕೆ ಹೋಗಬೇಕು. ಅಲ್ಲಿಂದ ತುಳಜಾಪುರದ ರಸ್ತೆಯನ್ನು ಹಿಡಿದರೆ, ಹಳೆಯ ನಗರದಿಂದ ಈಶಾನ್ಯಕ್ಕೆ ಸುಮಾರು 8 ಕಿಲೋಮೀಟರು ದೂರದಲ್ಲಿ ಕೆರೆಯು ಕಾಣಿಸಿಕೊಳ್ಳುತ್ತದೆ. ಇಷ್ಟು ಹೊತ್ತು ಮಗ್ಗಗಳ ಸದ್ದು, ವಾಹನಗಳ ಗದ್ದಲ, ಮಾರುಕಟ್ಟೆಯ ಕೂಗಾಟಗಳ ನಡುವೆ ಬಂದವರಿಗೆ, ಒಮ್ಮೆಲೇ ತೆರೆದುಕೊಳ್ಳುವ ಈ ವಿಶಾಲ ಜಲರಾಶಿಯು ಬೇರೊಂದು ಲೋಕದಂತೆ ತೋರುತ್ತದೆ. ಸಮೀಪದ ಊರಿನ ಹೆಸರು ತಳೆ ಹಿಪ್ಪರಗಾ. ಮರಾಠಿಯಲ್ಲಿ ‘ತಳೆ’ ಎಂದರೆ ಕೆರೆ. ‘ಹಿಪ್ಪರಗಿ’ ಎಂಬ ಹೆಸರೋ ನಮಗೆ ಚಿರಪರಿಚಿತ. ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿಯನ್ನು ಅರಿಯದ ಕನ್ನಡಿಗರು ವಿರಳ. ಹೀಗೆ ಒಂದೇ ಊರಿನ ಹೆಸರಿನಲ್ಲಿ ಎರಡು ಭಾಷೆಗಳ ಸೀಮೆಗಳು ಕೈಹಿಡಿದು ನಿಂತಿವೆ.

ಈ ಕೆರೆಯು ಏಕೆ ಬೇಕಾಯಿತು?

ಮುಂಗಾರಿನ ಮೋಡಗಳು ಅರಬ್ಬೀ ಸಮುದ್ರದಿಂದ ಹೊರಟು ಸಹ್ಯಾದ್ರಿಯನ್ನು ಏರುವಾಗಲೇ ತಮ್ಮ ನೀರಿನ ಬಹುಭಾಗವನ್ನು ಸುರಿಸಿಬಿಡುತ್ತವೆ. ಪರ್ವತವನ್ನು ದಾಟಿ ಪೂರ್ವಕ್ಕೆ ಬರುವಾಗ ಅವು ಬಹುಮಟ್ಟಿಗೆ ಬರಿದಾಗಿರುತ್ತವೆ. ಇಂಥ ಪ್ರದೇಶಕ್ಕೆ ಮಳೆನೆರಳಿನ ಪ್ರದೇಶವೆನ್ನುವರು. ನಮ್ಮ ಜಿಲ್ಲೆಯು ಅದರಲ್ಲಿಯೇ ಸೇರಿದೆ. ಎರಡನೆಯದಾಗಿ, ನಮ್ಮ ಕಾಲಡಿಯ ಬಂಡೆಯನ್ನು ಗಮನಿಸಬೇಕು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಹರಿದ ಲಾವಾರಸವು ಆರಿ ಗಟ್ಟಿಯಾಗಿ ಈ ಕಪ್ಪು ಕಲ್ಲಾಯಿತು. ಬಿರುಕುಗಳಿಲ್ಲದ ಕಡೆಗಳಲ್ಲಿ ಈ ಬಂಡೆಯು ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆದುದರಿಂದ ಮಳೆ ಬಂದಾಗ ಹಳ್ಳಗಳು ಉಕ್ಕಿ ಹರಿಯುತ್ತವೆ. ಮಳೆ ನಿಂತ ಕೆಲವು ತಿಂಗಳಲ್ಲಿಯೇ ಬತ್ತಿಹೋಗುತ್ತವೆ. ಮಳೆಗಾಲದಲ್ಲಿ ಓಡುವ ನೀರನ್ನು ತಡೆದು ನಿಲ್ಲಿಸುವುದೊಂದೇ ಇಲ್ಲಿನ ಜನರಿಗೆ ಉಳಿದ ಉಪಾಯವಾಗಿತ್ತು.

ಸೀನಾ ನದಿಯನ್ನು ಸೇರುವ ಆದಿಲಾ ಎಂಬ ಸಣ್ಣ ನದಿಗೆ ಅಡ್ಡಲಾಗಿ ಮಣ್ಣಿನ ಏರಿಯನ್ನು ಕಟ್ಟುವ ಕಾರ್ಯವು ಈ ಕಾರಣದಿಂದಲೇ 1860ರ ದಶಕದಲ್ಲಿ ಆರಂಭವಾಗಿ 1871ರಲ್ಲಿ ಮುಗಿಯಿತು. ಅಂದಿನ ಮುಂಬಯಿ ಪ್ರಾಂತದ ಅತಿ ದೊಡ್ಡ ಕೃತಕ ಸರೋವರಗಳಲ್ಲಿ ಇದೊಂದು. ಏರಿಯ ಉದ್ದವು 2 ಕಿಲೋಮೀಟರಿಗಿಂತ ಅಧಿಕ. ಅತಿ ಎತ್ತರದ ಸ್ಥಳದಲ್ಲಿ ಅದು ಸುಮಾರು 21 ಮೀಟರು ಎತ್ತರವಾಗಿದೆ. ಇಂದಿನ ಭಾರಿ ಯಂತ್ರಗಳಾವುವೂ ಇಲ್ಲದ ಆ ಕಾಲದಲ್ಲಿ ಇಷ್ಟು ಮಣ್ಣನ್ನು ಅಗೆದು, ಹೊತ್ತು, ಸುರಿದು, ಬಡಿದು ಗಟ್ಟಿಗೊಳಿಸಿದವರು ಹೆಸರಿಲ್ಲದ ಸಾವಿರಾರು ಕೂಲಿಕಾರ ಗಂಡಸರು ಮತ್ತು ಹೆಂಗಸರು. ಏರಿಯ ಮೇಲೆ ನಿಂತಾಗ ಮೊದಲು ಅವರನ್ನು ಸ್ಮರಿಸತಕ್ಕದ್ದು. ಕೆರೆಯು ಮುಗಿದ ಐದೇ ವರ್ಷಗಳಲ್ಲಿ, 1876ರಲ್ಲಿ, ದಕ್ಷಿಣ ಹಿಂದುಸ್ಥಾನವನ್ನೆಲ್ಲ ತತ್ತರಗೊಳಿಸಿದ ಮಹಾಕ್ಷಾಮವು ಈ ಸೀಮೆಗೂ ಬಂದೆರಗಿತು. ನೀರನ್ನು ಕೂಡಿಡುವುದು ಎಷ್ಟು ಅವಶ್ಯವೆಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು. ನಮ್ಮ ಮೋಹೋಳ ಭಾಗದ ಆಷ್ಟಿಯ ದೊಡ್ಡ ಕೆರೆಯು ಆ ಕ್ಷಾಮಕಾಲದ ಕಾಮಗಾರಿಯಾಗಿಯೇ ಆರಂಭವಾಯಿತು.

ಮಣ್ಣಿನ ಏರಿಯು ನೀರನ್ನು ತಡೆಯುವ ಬಗೆ

ನೀರಿನಲ್ಲಿ ಕರಗುವ ಮಣ್ಣು ನೀರನ್ನು ಹೇಗೆ ತಡೆದೀತೆಂದು ವಿದ್ಯಾರ್ಥಿಗಳು ಕೇಳಬಹುದು. ಇದಕ್ಕೆ ಉತ್ತರವನ್ನು ಒಂದು ಸುಲಭ ಪ್ರಯೋಗದಿಂದ ಆರಂಭಿಸೋಣ. ಒಂದು ಹಳೆಯ ತಗಡಿನ ಡಬ್ಬಿಗೆ ಮೇಲೊಂದು, ನಡುವೆಯೊಂದು, ಕೆಳಗೊಂದು ಹೀಗೆ ಮೂರು ಸಣ್ಣ ರಂಧ್ರಗಳನ್ನು ಮಾಡಿ, ಅದನ್ನು ಎತ್ತರದ ಕಟ್ಟೆಯ ಮೇಲಿಟ್ಟು ನೀರು ತುಂಬಿರಿ. ಎಲ್ಲಕ್ಕಿಂತ ಕೆಳಗಿನ ರಂಧ್ರದಿಂದ ಹೊರಡುವ ನೀರು ಅತಿ ರಭಸದಿಂದ ಚಿಮ್ಮುವುದು. ಆಳ ಹೆಚ್ಚಿದಂತೆ ನೀರಿನ ಒತ್ತಡವೂ ಹೆಚ್ಚುವುದೆಂಬುದು ಇದರಿಂದ ಸಿದ್ಧವಾಯಿತು. ಆದಕಾರಣವೇ ಏರಿಯನ್ನು ಬುಡದಲ್ಲಿ ಬಹಳ ಅಗಲವಾಗಿಯೂ ನೆತ್ತಿಯಲ್ಲಿ ಕಿರಿದಾಗಿಯೂ ಕಟ್ಟುತ್ತಾರೆ. ಮಣ್ಣನ್ನು ಪದರಪದರವಾಗಿ ಹಾಕಿ, ತೇವಗೊಳಿಸಿ, ಬಡಿದು ಗಟ್ಟಿಮಾಡುವುದರಿಂದ ನೀರು ಸುಲಭವಾಗಿ ಒಳನುಸುಳಲಾರದು. ನೀರಿನ ಕಡೆಯ ಇಳಿಜಾರಿಗೆ ಕಲ್ಲುಗಳನ್ನು ಹೊದಿಸಿದರೆ ತೆರೆಗಳು ಮಣ್ಣನ್ನು ಕೊರೆಯಲಾರವು.

ಆದರೆ ಮಣ್ಣಿನ ಏರಿಗೆ ಒಬ್ಬ ಪರಮ ವೈರಿಯುಂಟು. ಅದು ನೆತ್ತಿಯನ್ನು ಹತ್ತಿ ಹೊರಚೆಲ್ಲುವ ನೀರು. ಹಾಗೆ ಚೆಲ್ಲಿದರೆ ಕೆಲವೇ ಗಂಟೆಗಳಲ್ಲಿ ಏರಿಯು ಕೊಚ್ಚಿಹೋಗಬಹುದು. ಈ ಅಪಾಯವನ್ನು ತಪ್ಪಿಸಲೆಂದೇ ಏರಿಗಿಂತ ಕೆಳಮಟ್ಟದಲ್ಲಿ ಗಟ್ಟಿಯಾದ ಕೋಡಿಯನ್ನು ನಿರ್ಮಿಸಿ, ಹೆಚ್ಚಾದ ನೀರನ್ನು ಬದಿಯಿಂದ ಹೊರಗೆ ಬಿಡುತ್ತಾರೆ. ಹೊಲಗಳಿಗೆ ಬೇಕಾದ ನೀರನ್ನು ತೂಬಿನ ಮೂಲಕ ಕಾಲುವೆಗೆ ಹರಿಸುತ್ತಾರೆ. ಏರಿ, ಕೋಡಿ, ತೂಬು, ಕಾಲುವೆ ಎಂಬ ಈ ನಾಲ್ಕು ಅಂಗಗಳನ್ನು ತಿಳಿದವನು ಯಾವ ಊರಿನ ಕೆರೆಯನ್ನಾದರೂ ಪುಸ್ತಕದಂತೆ ಓದಬಲ್ಲನು. ನಮ್ಮ ನೆರೆಹೊರೆಯ ಮರಾಠಿ ಬಂಧುಗಳು ಕೋಡಿಗೆ ‘ಸಾಂಡವಾ’ ಎಂದೂ ಹೂಳಿಗೆ ‘ಗಾಳ’ ಎಂದೂ ಹೇಳುವರು. ಕಾಲುವೆಗೆ ಮಾತ್ರ ಅವರು ಹೇಳುವುದು ‘ಕಾಲವಾ’! ನೀರಿನ ಜೊತೆಯಲ್ಲಿ ಮಾತೂ ಹರಿದಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಸೊನ್ನಲಿಗೆಯ ಹಳೆಯ ಪರಂಪರೆ

ಸೊಲ್ಲಾಪುರದಲ್ಲಿ ಕೆರೆ ಕಟ್ಟುವ ಕಾರ್ಯವು ಆಂಗ್ಲರ ಕಾಲದಲ್ಲಿ ಹೊಸದಾಗಿ ಹುಟ್ಟಿದುದಲ್ಲ. ಅದಕ್ಕೂ ಏಳು ಶತಮಾನಗಳ ಹಿಂದೆ, ಈ ಊರು ಸೊನ್ನಲಿಗೆಯೆನಿಸಿಕೊಂಡಿದ್ದಾಗ, ಶಿವಯೋಗಿ ಸಿದ್ಧರಾಮನು ಇಲ್ಲಿ ಕೆರೆಯನ್ನು ಕಟ್ಟಿಸಿ ಗುಡಿಗಳನ್ನು ಸ್ಥಾಪಿಸಿದನು. ಜನಕ್ಕೆ ನೀರೆರೆಯುವುದನ್ನು ಆತನು ಶಿವನ ಸೇವೆಯೆಂದೇ ಬಗೆದನು. ಮುಂದೆ ಅಲ್ಲಮಪ್ರಭುವು ಸೊನ್ನಲಿಗೆಗೆ ಬಂದು ಆತನನ್ನು ಕಲ್ಯಾಣಕ್ಕೆ ಕರೆದೊಯ್ದ ಕಥೆಯು ಪ್ರಸಿದ್ಧವಾಗಿದೆ. ‘ಕಪಿಲಸಿದ್ಧಮಲ್ಲಿಕಾರ್ಜುನ’ ಎಂಬ ಅಂಕಿತದ ವಚನಗಳು ಆತನವು. ಕವಿ ರಾಘವಾಂಕನು ಆತನ ಚರಿತ್ರೆಯನ್ನು ಕಾವ್ಯವಾಗಿ ರಚಿಸಿದ್ದಾನೆ. ಇಂದಿಗೂ ಕೋಟೆಯ ಮಗ್ಗುಲಲ್ಲಿ, ಕೆರೆಯ ನಡುವೆ ಸಿದ್ಧೇಶ್ವರನ ಗುಡಿಯಿದೆ. ಮಕರ ಸಂಕ್ರಮಣದ ಗಡ್ಡಾ ಜಾತ್ರೆಯಲ್ಲಿ ನಂದಿಧ್ವಜಗಳ ಮೆರವಣಿಗೆಯನ್ನು ನೋಡಲು ಮರಾಠಿ, ಕನ್ನಡ, ತೆಲುಗು ಮಾತನಾಡುವವರೆಲ್ಲರೂ ಒಂದಾಗಿ ಸೇರುತ್ತಾರೆ. ಹಿಪ್ಪರಗಾ ಕೆರೆಗೆ ಹೋಗುವ ದಿನ ಬೆಳಿಗ್ಗೆ ಈ ಕೆರೆಯನ್ನೂ ನೋಡಿಕೊಂಡು ಹೋದರೆ, 12ನೆಯ ಶತಮಾನದ ಕೆರೆಯನ್ನೂ 19ನೆಯ ಶತಮಾನದ ಕೆರೆಯನ್ನೂ ಒಂದೇ ದಿನದಲ್ಲಿ ಹೋಲಿಸಿ ನೋಡಿದಂತಾಗುವುದು.

ಹಿಪ್ಪರಗಾದ ನೀರು ಕೋಡಿ ಹರಿದು ಸೀನಾ ನದಿಗೆ ಸೇರಿದರೆ, ಸೀನೆಯು ದಕ್ಷಿಣಕ್ಕೆ ಹರಿದು ಹತ್ತರಸಂಗ ಕೂಡಲದ ಬಳಿ ಭೀಮೆಯನ್ನು ಕೂಡುತ್ತದೆ. ‘ಕೂಡಲ’ವೆಂದರೆ ನದಿಗಳು ಕೂಡುವ ಸ್ಥಳ, ಇದು ಅಚ್ಚ ಕನ್ನಡದ ಮಾತು. ಆದರೆ ಅದೇ ಕೂಡಲದ ಸಂಗಮೇಶ್ವರ ಗುಡಿಯಲ್ಲಿ ದೊರೆತಿರುವ ಶಕ 940ರ, ಎಂದರೆ ಕ್ರಿ. ಶ. 1018ರ ಬರಹವು ಮರಾಠಿಯ ಅತಿ ಪ್ರಾಚೀನ ಶಾಸನಗಳಲ್ಲೊಂದೆಂದು ಮಾನ್ಯವಾಗಿದೆ. ಊರಿನ ಹೆಸರು ಕನ್ನಡ, ಕಲ್ಲಿನ ಬರಹ ಮರಾಠಿ! ಈ ಸೀಮೆಯು ಯಾರದೆಂದು ವಾದಿಸುವವರಿಗೆ ಈ ಕಲ್ಲು ಸಾವಿರ ವರ್ಷಗಳಿಂದ ಮೌನವಾಗಿಯೇ ಉತ್ತರ ಹೇಳುತ್ತಿದೆ. ಮಹಾರಾಷ್ಟ್ರದಲ್ಲಿದ್ದು ಕನ್ನಡ ಶಾಲೆಯಲ್ಲಿ ಓದುವ ನಮ್ಮ ಬಾಲಕ ಬಾಲಕಿಯರು ಇಲ್ಲಿ ಪರಕೀಯರಲ್ಲ. ಹಾಗೆಯೇ ಮರಾಠಿಯೂ ನಮಗೆ ಪರಕೀಯವಲ್ಲ. ಎರಡನ್ನೂ ಶುದ್ಧವಾಗಿ ಕಲಿಯುವುದೇ ಈ ನೆಲದ ಋಣವನ್ನು ತೀರಿಸುವ ಮಾರ್ಗ.

ಇಂದಿನ ಸ್ಥಿತಿ

ಚಳಿಗಾಲದಲ್ಲಿ ಈ ಕೆರೆಯು ದೂರದೇಶದ ಅತಿಥಿಗಳಿಗೆ ಆಶ್ರಯವಾಗುತ್ತದೆ. ಮಧ್ಯ ಏಷ್ಯದ ಎತ್ತರದ ಸರೋವರಗಳಲ್ಲಿ ಮರಿಮಾಡಿ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು, ಬಗೆಬಗೆಯ ಬಾತುಗಳು, ಕೆಲವು ವರ್ಷಗಳಲ್ಲಿ ರಾಜಹಂಸಗಳು ಸಹ ಇಲ್ಲಿ ಕಾಣಸಿಗುತ್ತವೆ. ಸದ್ದು ಮಾಡದೆ ಕುಳಿತವನಿಗೆ ಮಾತ್ರ ಇವುಗಳ ದರ್ಶನವಾಗುವುದು.

ಈ ಶಾಂತಿಯ ಹಿಂದೆ ಒಂದು ಚಿಂತೆಯೂ ಅಡಗಿದೆ. 19ನೆಯ ಶತಮಾನದ ಕೊನೆಯ ಭಾಗದಿಂದಲೇ ಈ ಕೆರೆಯು ಸೊಲ್ಲಾಪುರಕ್ಕೆ ಕುಡಿಯುವ ನೀರನ್ನು ಕೊಟ್ಟಿತು. ಗಿರಣಿಗಳು ಬಂದವು, ನಗರವು ಬೆಳೆಯಿತು; ಬೆಳೆದ ನಗರಕ್ಕೆ ಕೆರೆಯು ಸಾಲದಾಯಿತು. 1980ರಲ್ಲಿ ಪೂರ್ಣಗೊಂಡ ಭೀಮಾ ನದಿಯ ಉಜನಿ ಜಲಾಶಯವೇ ಇಂದು ನಗರದ ಮುಖ್ಯ ಆಧಾರ. ಆದರೂ ಹಿಪ್ಪರಗಾ ಕೆರೆಯ ಮಹತ್ವವು ಕುಂದಿಲ್ಲ. ಉಜನಿಯ ನೀರನ್ನು ಈ ಕೆರೆಗೆ ತಂದು, ಇಲ್ಲಿಂದ ಮೇಲೆತ್ತಿ ದಕ್ಷಿಣ ಸೊಲ್ಲಾಪುರ ಮತ್ತು ಅಕ್ಕಲಕೋಟೆ ತಾಲೂಕುಗಳ ಹೊಲಗಳಿಗೆ ಒಯ್ಯುವ ಏತ ನೀರಾವರಿ ಯೋಜನೆಯನ್ನು ಸರಕಾರವು ಕೈಗೊಂಡಿದೆ. ಅಕ್ಕಲಕೋಟೆಯ ಕಡೆಯಲ್ಲಿ ನಮ್ಮ ಅನೇಕ ವಿದ್ಯಾರ್ಥಿಗಳ ಅಜ್ಜ ಅಜ್ಜಿಯರ ಹೊಲಗಳಿವೆ. ಆದುದರಿಂದ ಈ ಕೆರೆಯು ತುಂಬುವುದೂ ಬತ್ತುವುದೂ ಅವರ ಮನೆಯ ಮಾತೇ ಆಗಿದೆ.

ಪ್ರತಿ ಮಳೆಯೊಡನೆ ಹೊಲಗಳ ಎರೆಮಣ್ಣು ಹರಿದುಬಂದು ಕೆರೆಯ ತಳದಲ್ಲಿ ಹೂಳಾಗಿ ಕೂಡುತ್ತದೆ. ಹೂಳು ಏರಿದಷ್ಟು ನೀರಿನ ಜಾಗವು ಕಡಿಮೆಯಾಗುತ್ತದೆ. ಒಂದೂವರೆ ಶತಮಾನಕ್ಕೂ ಮಿಕ್ಕಿದ ಈ ಕೆರೆಗೆ ಆ ಭಾರವು ಸಣ್ಣದಲ್ಲ. ಮಳೆ ತಪ್ಪಿದ ವರ್ಷಗಳಲ್ಲಿ ದಂಡೆಯು ದೂರ ದೂರ ಸರಿದು, ಬಿರುಕುಬಿಟ್ಟ ಕೆರೆಯಂಗಳವು ಕಣ್ಣಿಗೆ ಬೀಳುತ್ತದೆ. 1972ರ ಬರವನ್ನು ಕಂಡ ಹಿರಿಯರು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ. ನೀರಿಗಾಗಿ ಅವರು ಪಟ್ಟ ಪಾಡನ್ನು ಮಕ್ಕಳು ಅವರ ಬಾಯಿಂದಲೇ ಕೇಳಿ ತಿಳಿಯಬೇಕು. ಹೂಳನ್ನು ತೆಗೆದು ಹೊಲಕ್ಕೆ ಹಾಕಿದರೆ ಕೆರೆಗೂ ಲಾಭ, ಹೊಲಕ್ಕೂ ಲಾಭ. ನಮ್ಮ ಪೂರ್ವಿಕರು ಮಾಡುತ್ತಿದ್ದುದೂ ಅದನ್ನೇ.

ಪಾಲಕರಲ್ಲಿ ಹಾಗೂ ವಿದ್ಯಾರ್ಥಿಗಳಲ್ಲಿ ವಿಜ್ಞಾಪನೆ

ಪಾಲಕರೇ, ಇಂಥ ಪ್ರವಾಸಕ್ಕೆ ಹೆಚ್ಚಿನ ವೆಚ್ಚವಿಲ್ಲ. ಬಸ್ಸಿನ ಛಾರ್ಜು, ಎರಡು ಕಡಕ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ, ಕುಡಿಯುವ ನೀರು ಇಷ್ಟಿದ್ದರೆ ಸಾಕು. ಕಾರಖಾನೆಯಲ್ಲಿ ಪಾಳಿಯ ಕೆಲಸ ಮಾಡುವ ತಂದೆಯೂ ರಜೆಯ ದಿನ ಮಕ್ಕಳನ್ನು ಕರೆದೊಯ್ಯಬಹುದು. ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಕೂಡದು: ದಂಡೆಯ ಕೆಸರು ಮೇಲ್ನೋಟಕ್ಕೆ ಗಟ್ಟಿಯಾಗಿ ತೋರಿದರೂ ಒಳಗೆ ಕಾಲನ್ನು ಹಿಡಿಯುತ್ತದೆ, ದಂಡೆಯಿಂದ ಕೆಲವೇ ಹೆಜ್ಜೆಗಳಲ್ಲಿ ಆಳವು ಒಮ್ಮೆಲೇ ಹೆಚ್ಚಬಹುದು. ಈಜು ಬಲ್ಲವರಾದರೂ ಮಕ್ಕಳು ಅಲ್ಲಿ ನೀರಿಗೆ ಇಳಿಯಲೇಕೂಡದು.

ವಿದ್ಯಾರ್ಥಿಗಳೇ, ಹೋಗುವಾಗ ಒಂದು ವಹಿಯನ್ನೂ ಸೀಸಕಡ್ಡಿಯನ್ನೂ ಒಯ್ಯಿರಿ. ಏರಿಯ ಚಿತ್ರವನ್ನು ಬರೆದು ಅದರ ನಾಲ್ಕು ಅಂಗಗಳನ್ನು ಗುರುತಿಸಿರಿ. ಕಂಡ ಹಕ್ಕಿಗಳನ್ನು ಎಣಿಸಿರಿ. ಬಲೆ ಬೀಸುವ ಮೀನುಗಾರರನ್ನು ಮರಾಠಿಯಲ್ಲಿ ವಿನಯದಿಂದ ಮಾತನಾಡಿಸಿ, ನೀರು ಎಲ್ಲಿಯವರೆಗೆ ಏರುತ್ತದೆ, ಯಾವ ವರ್ಷ ಬತ್ತಿತ್ತು ಎಂದು ಕೇಳಿ ಬರೆದುಕೊಳ್ಳಿರಿ. ಪ್ಲಾಸ್ಟಿಕ್ ಚೀಲ, ಎಂಜಲು ಕಾಗದ ಮುಂತಾದವನ್ನು ದಂಡೆಯಲ್ಲಿ ಬಿಡದೆ ಮರಳಿ ತನ್ನಿರಿ.

ನದಿಯು ದೇವರು ಕೊಟ್ಟದ್ದು. ಕೆರೆಯು ಮನುಷ್ಯರು ಕಟ್ಟಿದ್ದು. ಕಟ್ಟಿದವರು ಯಾವ ಭಾಷೆಯವರೆಂದು ನೀರು ಕೇಳಲಿಲ್ಲ. ಕುಡಿಯುವವರು ಯಾವ ಭಾಷೆಯವರೆಂದೂ ಅದು ಕೇಳುವುದಿಲ್ಲ. ಕೆರೆಯನ್ನು ಕಟ್ಟಿದವರು ತಮ್ಮ ಕರ್ತವ್ಯವನ್ನು ಮುಗಿಸಿ ಹೋದರು. ಅದನ್ನು ಕಾಯುವ ಸರದಿಯು ಇನ್ನು ನಮ್ಮ ವಿದ್ಯಾರ್ಥಿಗಳದು.