ಇಂಧನದಿಂದ ಕಲುಷಿತಗೊಂಡ ಅಂತರ್ಜಲದ ಶುದ್ಧೀಕರಣ

ನೆಲದ ಮೇಲೆ ಚೆಲ್ಲಿದ ಎಣ್ಣೆ ಕಣ್ಣಿಗೆ ಕಾಣುತ್ತದೆ. ನೆಲದಡಿಯ ಕೊಳವೆಯಿಂದ ಸೋರುವ ಎಣ್ಣೆ ಹಾಗಲ್ಲ. ಅದು ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ಮಣ್ಣಿನ ಪದರಗಳನ್ನು ದಾಟಿ ಅಂತರ್ಜಲವನ್ನು ಸೇರಬಲ್ಲದು. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿ ನಗರದಲ್ಲಿರುವ ಕರ್ಟ್‌ಲ್ಯಾಂಡ್ ವಾಯುನೆಲೆಯಲ್ಲಿ ಸಂಭವಿಸಿದ್ದು ಇದೇ.

ಸೋರಿಕೆ ಪತ್ತೆಯಾದ ಬಗೆ

ವಿಮಾನ ಇಂಧನವನ್ನು ಸಂಗ್ರಹಿಸುವ ಅಲ್ಲಿನ ಕೇಂದ್ರವು 1950ರ ದಶಕದಲ್ಲಿ ಕಾರ್ಯಾರಂಭ ಮಾಡಿತು. ನೆಲದಡಿಯ ಕೊಳವೆಗಳು ಸೋರುತ್ತಿರುವುದು ಬೆಳಕಿಗೆ ಬಂದುದು 1999ರಲ್ಲಿ. ಅಷ್ಟರಲ್ಲಿ ಇಂಧನವು ಸುಮಾರು 150 ಮೀಟರ್ ಆಳಕ್ಕೆ ಇಳಿಯುವ ದಾರಿ ಹಿಡಿದಿತ್ತು. ಸೋರಿದ ಪ್ರಮಾಣ ಸುಮಾರು 2.3 ಕೋಟಿ ಲೀಟರಿನಿಂದ 9 ಕೋಟಿ ಲೀಟರಿನವರೆಗೆ ಇರಬಹುದೆಂದು ಬೇರೆ ಬೇರೆ ಅಂದಾಜುಗಳು ಹೇಳುತ್ತವೆ.

ಅಪಾಯದ ಸ್ವರೂಪ

ಎಣ್ಣೆಯು ನೀರಿಗಿಂತ ಹಗುರವಾದುದರಿಂದ ಅಂತರ್ಜಲದ ಮೇಲೆ ತೇಲುತ್ತದೆ. ಆದರೆ ಅದರಲ್ಲಿರುವ ಕೆಲವು ರಾಸಾಯನಿಕಗಳು ನೀರಿನಲ್ಲಿ ಕರಗಿ, ಅದರೊಡನೆ ದೂರ ಸಾಗುತ್ತವೆ. ಸೀಸಯುಕ್ತ ವಿಮಾನ ಪೆಟ್ರೋಲಿಗೆ ಹಿಂದೆ ಬೆರೆಸುತ್ತಿದ್ದ ಎಥಿಲೀನ್ ಡೈಬ್ರೋಮೈಡ್ ಇವುಗಳಲ್ಲೊಂದು. ಇದು ಕ್ಯಾನ್ಸರ್‌ಕಾರಕವೆಂದು ಪರಿಗಣಿತವಾಗಿದೆ. ಅಮೆರಿಕದಲ್ಲಿ ಕುಡಿಯುವ ನೀರಿನಲ್ಲಿ ಇದರ ಮಿತಿ ಲೀಟರಿಗೆ 0.05 ಮೈಕ್ರೋಗ್ರಾಂ ಮಾತ್ರ. ಅಂದರೆ ಒಂದು ಗ್ರಾಂ ವಸ್ತುವು ಎರಡು ಕೋಟಿ ಲೀಟರ್ ನೀರನ್ನು ಆ ಮಿತಿಗೆ ಮುಟ್ಟಿಸಬಲ್ಲದು. ಕಲುಷಿತ ನೀರು ವಾಯುನೆಲೆಯ ಗಡಿ ದಾಟಿ ನಗರದ ಕುಡಿಯುವ ನೀರಿನ ಬಾವಿಗಳ ದಿಕ್ಕಿಗೆ ಸರಿಯುತ್ತಿದ್ದುದು ಜನರ ಆತಂಕಕ್ಕೆ ಕಾರಣವಾಯಿತು.

ಶುದ್ಧೀಕರಣದ ವಿಧಾನಗಳು

ಮೊದಲನೆಯದು, ಮಣ್ಣಿನ ಆವಿಯನ್ನು ಹೀರುವ ವಿಧಾನ. ಬಾವಿಗಳನ್ನು ಕೊರೆದು ಯಂತ್ರದಿಂದ ಗಾಳಿಯನ್ನು ಸೆಳೆದಾಗ, ಮಣ್ಣಿನ ರಂಧ್ರಗಳಲ್ಲಿರುವ ಇಂಧನ ಆವಿಯಾಗಿ ಮೇಲೆ ಬರುತ್ತದೆ; ಅದನ್ನು ಉರಿಸಿ ನಾಶಪಡಿಸಲಾಗುತ್ತದೆ. ಕರ್ಟ್‌ಲ್ಯಾಂಡ್‌ನಲ್ಲಿ ಈ ಕಾರ್ಯ 2003ರಲ್ಲಿ ಆರಂಭವಾಯಿತು. ಹೀಗೆ ಗಾಳಿಯಾಡಿದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳೂ ಚುರುಕುಗೊಂಡು ಎಣ್ಣೆಯ ಅಂಶವನ್ನು ವಿಘಟಿಸುತ್ತವೆ.

ಎರಡನೆಯದು, ಕಲುಷಿತ ನೀರನ್ನು ಪಂಪಿನಿಂದ ಮೇಲೆತ್ತಿ, ಕ್ರಿಯಾಶೀಲ ಇದ್ದಿಲಿನ ಮೂಲಕ ಹಾಯಿಸುವುದು. ವಿಷವಸ್ತು ಇದ್ದಿಲಿಗೆ ಅಂಟಿಕೊಳ್ಳುತ್ತದೆ. ಅಲ್ಲಿ 2015ರಿಂದ ಇದನ್ನು ಕೈಗೊಳ್ಳಲಾಯಿತು.

ಒಂದು ವಿಚಿತ್ರ ತೊಡಕೂ ಎದುರಾಯಿತು. 2008ರಿಂದ ನಗರವು ನದಿಯ ನೀರನ್ನು ಬಳಸತೊಡಗಿದಾಗ ಅಂತರ್ಜಲದ ಮೇಲಿನ ಹೊರೆ ತಗ್ಗಿ ನೀರಿನ ಮಟ್ಟ ಏರಿತು. ಇದು ಸಂತೋಷದ ಸಂಗತಿಯೇ. ಆದರೆ ಮಣ್ಣಿಗೆ ಅಂಟಿದ್ದ ಇಂಧನದ ಒಂದು ಭಾಗ ನೀರಿನಡಿ ಸಿಲುಕಿ, ಆವಿ ಹೀರುವ ಬಾವಿಗಳಿಗೆ ಎಟುಕದಾಯಿತು.

ನಾವು ಗಮನಿಸಬೇಕಾದುದು

ನೆಲದಡಿಯ ಇಂಧನ ತೊಟ್ಟಿಗಳು ಇಂದು ನಮ್ಮ ನಗರಗಳಲ್ಲಿಯೂ ಸಾಮಾನ್ಯ. ದಾಸ್ತಾನಿನ ಲೆಕ್ಕವನ್ನು ನಿತ್ಯ ತಾಳೆ ನೋಡುವುದು, ಕೊಳವೆಗಳ ಒತ್ತಡವನ್ನು ನಿಯಮಿತವಾಗಿ ಪರೀಕ್ಷಿಸುವುದು ಅವುಗಳ ನಿರ್ವಾಹಕರ ಹೊಣೆ. ಬಾವಿಯ ನೀರಿನಲ್ಲಿ ಪೆಟ್ರೋಲ್ ಅಥವಾ ಸೀಮೆಎಣ್ಣೆಯ ವಾಸನೆ ಬಂದರೆ ಅದನ್ನು ಕುಡಿಯಬಾರದು. ಕುದಿಸಿದರೆ ಸಾಕೆಂದು ನಂಬಲೂಬಾರದು. ಬಾವಿಯ ಬಳಿ ಬೆಂಕಿ ಹಚ್ಚದೆ, ಸ್ಥಳೀಯ ಆಡಳಿತಕ್ಕೂ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಗೂ ಕೂಡಲೇ ತಿಳಿಸಬೇಕು. ವಾಹನಗಳ ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯಕೂಡದು.

ಕರ್ಟ್‌ಲ್ಯಾಂಡ್‌ನಲ್ಲಿ ಸೋರಿಕೆ ಪತ್ತೆಯಾದ ಮೇಲೆ ಶುದ್ಧೀಕರಣಕ್ಕೆ ದಶಕಗಳೇ ಹಿಡಿದಿವೆ. ಕೊಳವೆಯನ್ನು ಕಾಲಕಾಲಕ್ಕೆ ಪರೀಕ್ಷಿಸಲು ಬೇಕಾಗುವುದು ಕೆಲವೇ ಗಂಟೆಗಳು.