ಟಾಪ್ ಎಂಡ್ ಬೇಕೋ, ದೊಡ್ಡ ಬ್ಯಾಟರಿ ಬೇಕೋ

ವಿದ್ಯುತ್ ಕಾರು ಕೊಳ್ಳಲು ಹೊರಟ ಮನೆಯಲ್ಲಿ ಯಾವ ಕಾರು ಎಂಬುದು ತೀರ್ಮಾನವಾದ ಮೇಲೂ ಒಂದು ಚರ್ಚೆ ಉಳಿದುಬಿಡುತ್ತದೆ. ಬೇಸ್ ಮಾಡೆಲ್ ಸಾಕೇ, ಇನ್ನೊಂದಿಷ್ಟು ಹಾಕಿ ಟಾಪ್ ಎಂಡ್ ತರೋಣವೇ? ಪೆಟ್ರೋಲ್ ಕಾರಿನಲ್ಲಿ ಈ ಪ್ರಶ್ನೆ ಅಷ್ಟು ಕಷ್ಟದ್ದಾಗಿರಲಿಲ್ಲ. ಸಾಮಾನ್ಯವಾಗಿ ಎಂಜಿನ್ ಅದೇ, ಟ್ಯಾಂಕ್ ಅದೇ. ಹೆಚ್ಚಿಗೆ ಕೊಟ್ಟ ಹಣಕ್ಕೆ ಪವರ್ ವಿಂಡೋ, ಅಲಾಯ್ ಚಕ್ರ, ಮ್ಯೂಸಿಕ್ ಸಿಸ್ಟಂ ಬರುತ್ತಿದ್ದವು. ವಿದ್ಯುತ್ ಕಾರಿನಲ್ಲಿ ಹಾಗಲ್ಲ. ದರ್ಜೆ ಬದಲಾದಾಗ ಕೆಲವೊಮ್ಮೆ ಬ್ಯಾಟರಿಯೇ ಬದಲಾಗುತ್ತದೆ, ಅಂದರೆ ಟ್ಯಾಂಕೇ ಬದಲಾದಂತೆ. ಕೆಲವೊಮ್ಮೆ ಚಾರ್ಜರ್ ಬದಲಾಗುತ್ತದೆ. ಕೆಲವೊಮ್ಮೆ ಸೀಟಿನ ಹೊದಿಕೆಯಷ್ಟೇ ಬದಲಾಗುತ್ತದೆ. ಮೂರೂ ಒಂದೇ ಬೆಲೆಪಟ್ಟಿಯಲ್ಲಿ ಬೆರೆತು ನಿಂತಿರುವುದರಿಂದ, ಯಾವ ರೂಪಾಯಿ ಯಾವುದಕ್ಕೆ ಹೋಗುತ್ತಿದೆ ಎಂಬುದು ಮೇಲ್ನೋಟಕ್ಕೆ ಕಾಣುವುದಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಊರುಗಳಲ್ಲಿ ಈ ಲೆಕ್ಕ ತಪ್ಪಿದರೆ ದಿನವೂ ಅದರ ಫಲ ಉಣ್ಣಬೇಕಾಗುತ್ತದೆ. ನನ್ನ ವಾದ ಇಷ್ಟೇ: ಹೆಚ್ಚಿನ ಹಣವನ್ನು ಮೊದಲು ಬ್ಯಾಟರಿಗೆ ಮತ್ತು ಸುರಕ್ಷತೆಗೆ ಕೊಡಬೇಕು, ಆಮೇಲೆ ಮನೆಯ ವೈರಿಂಗ್‌ಗೆ. ಪರದೆ, ಸನ್‌ರೂಫ್‌ಗಳ ಸರದಿ ಅದಾದ ಮೇಲೆ.

ಒಂದು ಬೆಲೆಪಟ್ಟಿಯನ್ನೇ ಬಿಡಿಸಿ ನೋಡೋಣ. ಟಾಟಾ ಟಿಯಾಗೊ ಇವಿ 2022ರ ಸೆಪ್ಟೆಂಬರಿನಲ್ಲಿ ಬಂದಾಗ ಅದರ ಕೆಳಗಿನ ದರ್ಜೆಯ ಶೋರೂಂ ಬೆಲೆ 8.49 ಲಕ್ಷ, ಮೇಲಿನ ದರ್ಜೆಯದು 11.79 ಲಕ್ಷ. ನಡುವೆ 3.30 ಲಕ್ಷದ ಅಂತರ. ಎಕ್ಸ್‌ಟಿ ಎಂಬ ದರ್ಜೆ ಎರಡು ಬ್ಯಾಟರಿಗಳಲ್ಲಿ ಸಿಗುತ್ತಿತ್ತು: 19.2 ಯೂನಿಟ್ ಹಿಡಿಯುವುದಕ್ಕೆ 9.09 ಲಕ್ಷ, 24 ಯೂನಿಟ್ ಹಿಡಿಯುವುದಕ್ಕೆ 9.99 ಲಕ್ಷ. ಅಂದರೆ 90 ಸಾವಿರ ಹೆಚ್ಚು ಕೊಟ್ಟರೆ ಕಂಪನಿ ಹೇಳುವ ದೂರ 250 ಕಿ.ಮೀ.ಯಿಂದ 315ಕ್ಕೆ ಏರುತ್ತಿತ್ತು. ಅದೇ 24 ಯೂನಿಟ್ ಬ್ಯಾಟರಿಯಲ್ಲಿ ಎಕ್ಸ್‌ಟಿ ಬಿಟ್ಟು ಟೆಕ್ ಲಕ್ಸ್ ಎಂಬ ಮೇಲಿನ ದರ್ಜೆಗೆ ಹೋದರೆ 11.29 ಲಕ್ಷ. ಈ 1.30 ಲಕ್ಷಕ್ಕೆ ಆರಾಮ ಮತ್ತು ಅಂದ ಹೆಚ್ಚಾಗುತ್ತಿತ್ತು. ಓಡುವ ದೂರ ಒಂದು ಕಿ.ಮೀ. ಕೂಡ ಹೆಚ್ಚುತ್ತಿರಲಿಲ್ಲ. ಅದರ ಮೇಲೆ ಇನ್ನೂ 50 ಸಾವಿರ ಕೊಟ್ಟರೆ 3.3 ಕಿಲೋವ್ಯಾಟ್ ಚಾರ್ಜರ್ ಬದಲು 7.2 ಕಿಲೋವ್ಯಾಟಿನದು. ಬೆಲೆಗಳು ಆಮೇಲೆ ಏರಿಳಿದಿವೆ, ದರ್ಜೆಗಳ ಹೆಸರುಗಳೂ ಬದಲಾಗುತ್ತಿರುತ್ತವೆ. ಆದರೆ ಪಟ್ಟಿಯ ರಚನೆ ಇಂದಿಗೂ ಹೆಚ್ಚುಕಡಿಮೆ ಹೀಗೆಯೇ ಇದೆ. 2024ರ ಜನವರಿಯಲ್ಲಿ ಬಂದ ಪಂಚ್ ಇವಿಯಲ್ಲಿ 25 ಮತ್ತು 35 ಯೂನಿಟ್‌ಗಳ ಎರಡು ಬ್ಯಾಟರಿ ಇದ್ದವು. ದೊಡ್ಡದು ಬೇಕಾದವರು ಕೆಳಗಿನ ದರ್ಜೆಗಳನ್ನು ದಾಟಿ ಮೇಲಕ್ಕೆ ಹೋಗಬೇಕಿತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಂದ ಎಂಜಿ ವಿಂಡ್ಸರ್‌ನಲ್ಲಿ ಮಾತ್ರ ಮೂರೂ ದರ್ಜೆಗೆ 38 ಯೂನಿಟ್‌ನ ಅದೇ ಬ್ಯಾಟರಿ ಇತ್ತು. ಅಂಥ ಕಾರಿನಲ್ಲಿ ಕೆಳಗಿನ ದರ್ಜೆ ಕೊಂಡವರು ದೂರದ ವಿಷಯದಲ್ಲಿ ಏನನ್ನೂ ಕಳೆದುಕೊಳ್ಳುವುದಿಲ್ಲ.

ಬ್ಯಾಟರಿಗೆ ನಾನು ಇಷ್ಟು ಒತ್ತು ಕೊಡುವುದು ಯಾಕೆಂಬುದು ಈ ನಾಲ್ಕು ಊರುಗಳ ದಾರಿಗಳನ್ನು ನೋಡಿದರೆ ತಿಳಿಯುತ್ತದೆ. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು, ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿನೊಳಗೇ ಇತ್ತು. ಕಚೇರಿ ಕೆಲಸಕ್ಕೆ ದಾವಣಗೆರೆ, ಆಸ್ಪತ್ರೆ, ಕಾಲೇಜು, ನೆಂಟಸ್ತಿಕೆಗೆ ಹಳೆಯ ಜಿಲ್ಲಾ ಕೇಂದ್ರ ಎಂಬ ಎರಡು ದಿಕ್ಕಿನ ಓಡಾಟ ಇಲ್ಲಿಯ ಜನಕ್ಕೆ ಇವತ್ತಿಗೂ ತಪ್ಪಿಲ್ಲ. ಚನ್ನಗಿರಿಯಿಂದ ದಾವಣಗೆರೆ ಅರವತ್ತು ಕಿ.ಮೀ. ಹತ್ತಿರ. ಜಗಳೂರಿನಿಂದ ಐವತ್ತರ ಆಸುಪಾಸು. ಹೊನ್ನಾಳಿಯಿಂದ ಶಿವಮೊಗ್ಗ ಸುಮಾರು ನಲವತ್ತು, ನ್ಯಾಮತಿಯಿಂದ ಇನ್ನೂ ಕಡಿಮೆ. ಕಂಪನಿ ಹೇಳುವ 250 ಕಿ.ಮೀ. ಎದುರಿಗೆ ಇವೆಲ್ಲ ಸಣ್ಣ ಸಂಖ್ಯೆಗಳಂತೆ ಕಾಣುತ್ತವೆ. ಆದರೆ ಆ 250 ಪರೀಕ್ಷಾ ಕೊಠಡಿಯ ಸಂಖ್ಯೆ. ಟಾಟಾ ಕಂಪನಿಯೇ ಕರ್ವ್ ಇವಿಯ ದೊಡ್ಡ ಬ್ಯಾಟರಿಗೆ 585 ಕಿ.ಮೀ. ಎಂದು ಘೋಷಿಸಿ, ನಿಜ ಬಳಕೆಯಲ್ಲಿ 400ರಿಂದ 425 ಎಂದು ಜೊತೆಯಲ್ಲೇ ಹೇಳಿದೆ. ಅಂದರೆ ನೂರಕ್ಕೆ ಎಪ್ಪತ್ತು. ಈ ಅನುಪಾತವನ್ನು ಟಿಯಾಗೊದ ಸಣ್ಣ ಬ್ಯಾಟರಿಗೆ ಹಾಕಿದರೆ 175 ಕಿ.ಮೀ. ಚಾರ್ಜ್ ಪೂರ್ತಿ ಬರಿದಾಗುವ ತನಕ ಯಾರೂ ಓಡಿಸುವುದಿಲ್ಲ. ಒಂದಿಷ್ಟು ಉಳಿಸಿಕೊಂಡರೆ 145. ಬ್ಯಾಟರಿ ವರ್ಷ ಕಳೆದಂತೆ ಸವೆಯುತ್ತದೆ. ವಾರಂಟಿ ಇರುವ ಎಂಟು ವರ್ಷದಲ್ಲಿ ಐದರಲ್ಲೊಂದು ಪಾಲು ಸವೆಯಿತೆಂದು ಇಟ್ಟುಕೊಂಡರೆ ಉಳಿಯುವುದು 116. ಚನ್ನಗಿರಿಯಿಂದ ದಾವಣಗೆರೆಗೆ ಹೋಗಿಬರುವ ದಾರಿ 120. ಶೋರೂಮಿನಿಂದ ಹೊರಬಂದ ದಿನ ಧಾರಾಳವಾಗಿ ಸಾಕಾಗಿದ್ದ ಕಾರು ಎಂಟನೆಯ ವರ್ಷ ಮನೆ ಮುಟ್ಟಿಸುವುದೇ ಅನುಮಾನ. ಇದೇ ಲೆಕ್ಕವನ್ನು 24 ಯೂನಿಟ್‌ಗೆ ಮಾಡಿದರೆ ಎಂಟನೆಯ ವರ್ಷವೂ 145 ಕಿ.ಮೀ. ಹತ್ತಿರ ಉಳಿಯುತ್ತದೆ. ನ್ಯಾಮತಿಯಿಂದ ಶಿವಮೊಗ್ಗಕ್ಕೆ ಓಡಾಡುವ ಮನೆಗೆ ಸಣ್ಣ ಬ್ಯಾಟರಿಯೇ ಸಾಕು. ಅವರು ದೊಡ್ಡದಕ್ಕೆ ಹಣ ಸುರಿಯುವ ಅಗತ್ಯವಿಲ್ಲ. ಚನ್ನಗಿರಿಯ ಮನೆಗೆ ಆ 90 ಸಾವಿರ ಸಾರ್ಥಕ.

ಚಾರ್ಜರ್ ವಿಷಯಕ್ಕೆ ಬಂದರೆ ನನ್ನ ಅಭಿಪ್ರಾಯ ತಿರುಗುತ್ತದೆ. ಬೇಗ ಚಾರ್ಜ್ ಆಗುವುದು ಒಳ್ಳೆಯದೇ ಅಲ್ಲವೇ ಎಂದು ಯಾರಿಗಾದರೂ ಅನಿಸುತ್ತದೆ. ಟಿಯಾಗೊದ ದೊಡ್ಡ ಬ್ಯಾಟರಿ 15 ಆಂಪಿಯರ್ ಪ್ಲಗ್ಗಿನಲ್ಲಿ ಪೂರ್ತಿ ತುಂಬಲು 8.7 ಗಂಟೆ ಬೇಕು, 7.2 ಕಿಲೋವ್ಯಾಟ್ ಚಾರ್ಜರಿನಲ್ಲಿ 3.6 ಗಂಟೆ ಸಾಕು ಎಂದು ಕಂಪನಿ ಹೇಳಿತ್ತು. ಆದರೆ ಸ್ವಂತ ಮನೆಯಲ್ಲಿ ಕಾರು ರಾತ್ರಿಯೆಲ್ಲ ನಿಂತೇ ಇರುತ್ತದೆ. ದಿನಕ್ಕೆ ಅರವತ್ತು ಕಿ.ಮೀ. ಓಡಿದರೆ ತುಂಬಬೇಕಾದದ್ದು ಎಂಟೊಂಬತ್ತು ಯೂನಿಟ್; ಸಣ್ಣ ಚಾರ್ಜರಿನಲ್ಲೂ ಅದು ಮೂರು ಗಂಟೆಯ ಕೆಲಸ. ಇನ್ನು 7.2 ಕಿಲೋವ್ಯಾಟ್ ಎಳೆಯಬೇಕಾದರೆ ಮನೆಯ ಮಂಜೂರಾದ ಲೋಡ್ ಏರಿಸಬೇಕು, ಹಲವು ಕಡೆ ತ್ರೀ ಫೇಸ್ ಸಂಪರ್ಕವನ್ನೇ ಹಾಕಿಸಬೇಕು. ಲೋಡ್ ಏರಿದರೆ ಕರೆಂಟ್ ಬಿಲ್ಲಿನ ನಿಗದಿತ ಶುಲ್ಕವೂ ಏರುತ್ತದೆ. ಒಂದೊಂದು ಕಿಲೋವ್ಯಾಟಿಗೂ ತಿಂಗಳಿಗೆ ನೂರು ರೂಪಾಯಿಗಿಂತ ಹೆಚ್ಚು, ಕಾರು ಓಡಿದರೂ ಓಡದಿದ್ದರೂ. ತೋಟದ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಇದೆಯಲ್ಲ ಎನ್ನುವಂತಿಲ್ಲ, ಅದು ನೀರಾವರಿಗೆ ಕೊಟ್ಟ ಕರೆಂಟು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಮಾತನ್ನೂ ಇಲ್ಲಿ ಮರೆಯಬಾರದು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಬಿಲ್ ಪೂರ್ತಿ ಕಟ್ಟಬೇಕು. ತಿಂಗಳಿಗೆ ಸಾವಿರ ಕಿ.ಮೀ. ಓಡುವ ಕಾರು ಒಂದೇ 140 ಯೂನಿಟ್ ಆಸುಪಾಸು ಕುಡಿಯುತ್ತದೆ. ಯಾವ ದರ್ಜೆಯ ಕಾರು ಕೊಂಡರೂ ಈ ಖರ್ಚು ತಪ್ಪದು. ಆದ್ದರಿಂದ ಕಾರು ಗೊತ್ತು ಮಾಡುವ ಮುನ್ನ ಬೆಸ್ಕಾಂ ಶಾಖಾ ಕಚೇರಿಗೆ ಹೋಗಿ ಲೋಡ್, ಪ್ರತ್ಯೇಕ ಮೀಟರ್ ಎರಡನ್ನೂ ವಿಚಾರಿಸುವುದು ಒಳ್ಳೆಯದು.

ಚಾರ್ಜರಿನಲ್ಲಿ ಉಳಿಸಿದ ಹಣದಲ್ಲಿ ಒಂದು ಪಾಲು ಅರ್ತಿಂಗ್‌ಗೆ ಹೋಗಲಿ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಪ್ಲಗ್ ಇರುತ್ತದೆ, ಮೂರನೆಯ ಪಿನ್ನಿಗೆ ತಂತಿಯೇ ಬಂದಿರುವುದಿಲ್ಲ. ಫ್ರಿಜ್, ಮಿಕ್ಸಿ ಹೇಗೋ ನಡೆದುಹೋಗುತ್ತವೆ. ಆದರೆ ಕಾರಿನ ಚಾರ್ಜರ್ ಅರ್ತ್ ಸರಿಯಿಲ್ಲವೆಂದು ಕಂಡರೆ ಕೆಂಪು ದೀಪ ಹಚ್ಚಿ ಸುಮ್ಮನೆ ಕೂತುಬಿಡುತ್ತದೆ, ಮತ್ತು ಹಾಗೆ ಕೂರುವುದೇ ಸರಿ. ಗೋಡೆಯ ಬದಿಗೆ ಆಳದ ಗುಂಡಿ ತೋಡಿ, ಪೈಪ್ ಇಳಿಸಿ, ಸುತ್ತ ಉಪ್ಪು ಇದ್ದಿಲು ಪದರ ಪದರವಾಗಿ ತುಂಬಿ, ದಪ್ಪ ತಂತಿ ಎಳೆದು, ಕಾರಿಗೆಂದೇ ಬೇರೆ ಎಂಸಿಬಿ ಹಾಕಿಸಬೇಕು. ಜಗಳೂರಿನ ಒಣ ನೆಲದಲ್ಲಿ ಬೇಸಿಗೆ ಬಂತೆಂದರೆ ಆ ಗುಂಡಿಗೆ ಆಗಾಗ ನೀರು ಹುಯ್ಯುತ್ತಲೇ ಇರಬೇಕು. ಇದಕ್ಕೆ ಆಗುವ ಖರ್ಚು ಒಂದು ಜೊತೆ ಅಲಾಯ್ ಚಕ್ರದ ಖರ್ಚಿಗಿಂತ ಹೆಚ್ಚೇನೂ ಆಗದು, ಆದರೆ ಮನೆಯವರ ಜೀವ ಕಾಯುವುದು ಇದೇ. ಅಲಾಯ್ ಎಂದಾಗ ಇನ್ನೊಂದು ಮಾತು. ಗುಂಡಿ ಬಿದ್ದ ರಸ್ತೆಯಲ್ಲಿ ಕಬ್ಬಿಣದ ರಿಮ್ ಬೆಂಡಾದರೆ ಪಂಚರ್ ಅಂಗಡಿಯವರು ಬಡಿದು ಸರಿಮಾಡಿ ಕೊಡುತ್ತಾರೆ. ಅಲಾಯ್ ಬಿರಿದರೆ ಹೊಸದೇ ಗತಿ. ಕಾರಿನ ಜೊತೆ ಸ್ಟೆಪ್ನಿ ಬರುತ್ತದೆಯೋ, ಬರೀ ಪಂಚರ್ ಕಿಟ್ ಕೊಡುತ್ತಾರೋ ಎಂಬುದನ್ನೂ ಕೇಳಿಕೊಳ್ಳಬೇಕು.

ಸುರಕ್ಷತೆಯಲ್ಲಿ ಮಾತ್ರ ಕೈ ಬಿಗಿ ಮಾಡುವಂತಿಲ್ಲ. ಮೇಲಿನ ದರ್ಜೆಯವರಿಗೆ ಆರು ಏರ್‌ಬ್ಯಾಗ್, ಕೆಳಗಿನವರಿಗೆ ಎರಡು ಎಂಬ ಹಂಚಿಕೆ ಇರುವ ಕಾರಿನಲ್ಲಿ ಮೇಲಿನ ದರ್ಜೆಗೇ ಹೋಗಬೇಕು, ಇಲ್ಲವೇ ಕಾರನ್ನೇ ಬದಲಿಸಬೇಕು. ಎರಡನೆಯದು ಸಾಧ್ಯವಿದೆ ಎಂಬುದಕ್ಕೆ ಪಂಚ್ ಇವಿಯೇ ಸಾಕ್ಷಿ: ಆರು ಏರ್‌ಬ್ಯಾಗ್, ಚಕ್ರ ಜಾರದಂತೆ ಹಿಡಿಯುವ ಇಎಸ್‌ಪಿ, ಎರಡೂ ಅದರ ಎಲ್ಲ ದರ್ಜೆಗಳಲ್ಲೂ ಇದ್ದವು. 2024ರಲ್ಲಿ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಅದಕ್ಕೆ ಐದು ನಕ್ಷತ್ರ ಬಂತು. ಕಬ್ಬು, ಮೆಕ್ಕೆಜೋಳ ಹೇರಿದ ಟ್ರ್ಯಾಕ್ಟರ್‌ಗಳು ಹಿಂದೆ ದೀಪವಿಲ್ಲದೆ ಸಾಗುವ ರಸ್ತೆಗಳಲ್ಲಿ ರಾತ್ರಿ ಓಡಾಡುವವರಿಗೆ ಇವು ಬೇಕೇ ಬೇಕು.

ಈ ವಾದಕ್ಕೆ ಆಕ್ಷೇಪಗಳಿವೆ. ಮಾರುವಾಗ ಟಾಪ್ ಎಂಡ್‌ಗೆ ಹೆಚ್ಚು ಬೆಲೆ ಎಂಬುದು ಮೊದಲನೆಯದು. ಪೆಟ್ರೋಲ್ ಕಾರಿನಲ್ಲಿ ಈ ಮಾತಿಗೆ ಅರ್ಥವಿತ್ತು. ಹಳೆಯ ವಿದ್ಯುತ್ ಕಾರು ಕೊಳ್ಳುವವರು ಮೊದಲು ಕೇಳುವುದು ಬ್ಯಾಟರಿ ಎಷ್ಟು ಉಳಿದಿದೆ, ವಾರಂಟಿ ಇನ್ನೆಷ್ಟು ವರ್ಷ ಎಂದು. ಎಂಟು ವರ್ಷದ ಹಿಂದಿನ ಪರದೆಗೆ ಯಾರೂ ಬೆಲೆ ಕಟ್ಟಲಾರರು. ಎರಡನೆಯದು, ಜಗಳೂರಿನ ಬಿಸಿಲಿನಲ್ಲಿ ಆರಾಮವೂ ಒಂದು ಅಗತ್ಯವೇ ಎಂಬುದು. ಒಪ್ಪುತ್ತೇನೆ. ಆದರೆ ತಂಪು ಮಾಡುವುದು ಎಸಿ, ಅದು ಕೆಳಗಿನ ದರ್ಜೆಯಲ್ಲೂ ಇದೆ. ಸನ್‌ರೂಫ್ ಆ ಬಿಸಿಲಿಗೆ ಇನ್ನೊಂದು ಬಾಗಿಲು ತೆರೆದಂತೆ. ಹಿಂದಿನ ಸೀಟಿನಲ್ಲಿ ವಯಸ್ಸಾದವರು ನಿತ್ಯ ಕೂರುವ ಮನೆಯಾದರೆ ಹಿಂದಿನ ಎಸಿ ಕಿಂಡಿಗೆ ಹಣ ಕೊಡುವುದು ತಪ್ಪಲ್ಲ. ಮೂರನೆಯ ಆಕ್ಷೇಪ ಇವೆಲ್ಲಕ್ಕಿಂತ ತೂಕದ್ದು: ಆಸ್ಪತ್ರೆಗೆಂದು ಮಣಿಪಾಲಕ್ಕೋ ಬೆಂಗಳೂರಿಗೋ ಹೊರಡಬೇಕಾಗಿ ಬಂದರೆ? ಹೊನ್ನಾಳಿಯಿಂದ ಮಣಿಪಾಲ ಇನ್ನೂರು ಕಿ.ಮೀ. ಹತ್ತಿರ, ನಡುವೆ ಆಗುಂಬೆ ಘಾಟಿ. ಇಳಿಯುವಾಗ ಬ್ಯಾಟರಿಗೆ ಒಂದಿಷ್ಟು ಕರೆಂಟು ಮರಳಿ ಬರುತ್ತದೆ, ಹತ್ತುವಾಗ ಅದಕ್ಕಿಂತ ಹೆಚ್ಚು ಹೋಗುತ್ತದೆ. ಇಂಥ ಪ್ರಯಾಣಕ್ಕೆ ಬೇಕಾದದ್ದು ದೊಡ್ಡ ಬ್ಯಾಟರಿ ಮತ್ತು ಡಿಸಿ ಫಾಸ್ಟ್ ಚಾರ್ಜಿಂಗ್ ಕಿಂಡಿ. 2023ರಲ್ಲಿ ಬಂದ ಎಂಜಿ ಕಾಮೆಟ್‌ನಲ್ಲಿ ಎಷ್ಟೇ ಮೇಲಿನ ದರ್ಜೆಗೆ ಹೋದರೂ ಡಿಸಿ ಚಾರ್ಜಿಂಗ್ ಇರಲಿಲ್ಲ. ಅದು ಊರೊಳಗಿನ ಕಾರು, ಆ ಕೆಲಸಕ್ಕೆ ಒಳ್ಳೆಯದು. ದೂರದ ಭಯವನ್ನು ದರ್ಜೆ ಏರಿಸಿ ಕಳೆದುಕೊಳ್ಳಲಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಈಗ ಬೇಸ್ ಕೊಂಡು, ಬೇಕಾದದ್ದನ್ನು ಆಮೇಲೆ ಹೊರಗೆ ಹಾಕಿಸಿಕೊಳ್ಳೋಣ ಎನ್ನುವವರಿಗೆ ಒಂದು ಎಚ್ಚರಿಕೆ. ಸೀಟ್ ಕವರ್, ಮ್ಯಾಟ್ ಯಾವ ಅಂಗಡಿಯಲ್ಲಾದರೂ ಹಾಕಿಸಬಹುದು. ಹಾರ್ನ್, ಫಾಗ್ ಲೈಟ್, ಸ್ಟೀರಿಯೊಗೆಂದು ಕಾರಿನ ವೈರ್ ಕತ್ತರಿಸಿ ಟೇಪ್ ಸುತ್ತಿಸಿಕೊಂಡರೆ ವಾರಂಟಿಗೆ ಕುತ್ತು. ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ.ಯ ಬ್ಯಾಟರಿ ವಾರಂಟಿ ಟಿಯಾಗೊದಂಥ ಕಾರಿನ ಬಹುದೊಡ್ಡ ಆಸ್ತಿ. ಎರಡು ಸಾವಿರದ ಹಾರ್ನಿಗಾಗಿ ಅದನ್ನು ಪಣಕ್ಕಿಡಬಾರದು. ಮೇಲಿನ ದರ್ಜೆಯ ಹಣದ ಬೆಲೆಯನ್ನೂ ಒಮ್ಮೆ ತೂಗಿ ನೋಡಬೇಕು. ಮನೆಯಲ್ಲಿ ಚಾರ್ಜ್ ಮಾಡಿದರೆ ಕಿ.ಮೀ.ಗೆ ಒಂದು ರೂಪಾಯಿಯೊಳಗೆ ಮುಗಿಯುತ್ತದೆ, ಪೆಟ್ರೋಲಿಗೆ ಆರು ರೂಪಾಯಿ ಮೇಲೆ. ಉಳಿತಾಯ ಐದೂವರೆ ರೂಪಾಯಿ ಎಂದುಕೊಂಡರೂ ಟೆಕ್ ಲಕ್ಸ್‌ಗೆ ಹಾಕಿದ 1.30 ಲಕ್ಷ ಮರಳಿ ಬರಲು 23 ಸಾವಿರ ಕಿ.ಮೀ. ಮೀರಿ ಓಡಿಸಬೇಕು. ಸಾಲದಲ್ಲಿ ಕೊಂಡರೆ ಬಡ್ಡಿಯೂ ಸೇರುತ್ತದೆ. ಕೊಯ್ಲಿನ ಹೊತ್ತಿನಲ್ಲಿ ಒಮ್ಮೆ ಕೈಗೆ ಬರುವ ಅಡಿಕೆ ಹಣವನ್ನು ವರ್ಷವಿಡೀ ತಿಂಗಳ ಕಂತಿಗೆ ಹೊಂದಿಸುವ ಕಷ್ಟ ಚನ್ನಗಿರಿಯ ಮನೆಗಳಿಗೆ ಯಾರೂ ವಿವರಿಸಬೇಕಿಲ್ಲ.

ಹಾಗಾಗಿ ಶೋರೂಮಿನಲ್ಲಿ ಟಾಪ್ ಎಂಡ್ ಕಾರನ್ನು ತೋರಿಸುವ ಮುನ್ನ ಮೂರು ವಿಷಯ ಬರೆದು ಕೊಡಲು ಹೇಳಿ. ಆರು ಏರ್‌ಬ್ಯಾಗ್ ಮತ್ತು ಇಎಸ್‌ಪಿ ಇರುವ ಅತಿ ಕೆಳಗಿನ ದರ್ಜೆ ಯಾವುದು, ದೊಡ್ಡ ಬ್ಯಾಟರಿ ಸಿಗುವ ಅತಿ ಕೆಳಗಿನ ದರ್ಜೆ ಯಾವುದು, ಅದರ ಆನ್ ರೋಡ್ ಬೆಲೆ ಎಷ್ಟು. ಚನ್ನಗಿರಿ, ಜಗಳೂರಿನಿಂದ ದಾವಣಗೆರೆಗೆ ನಿತ್ಯ ಓಡಾಡುವವರು ಅದನ್ನೇ ಕೊಳ್ಳಿ. ಹೊನ್ನಾಳಿ, ನ್ಯಾಮತಿಯಿಂದ ಶಿವಮೊಗ್ಗಕ್ಕಷ್ಟೇ ಹೋಗಿಬರುವವರಿಗೆ, ಸುರಕ್ಷತೆ ಪೂರ್ತಿ ಇದ್ದರೆ, ಸಣ್ಣ ಬ್ಯಾಟರಿಯ ಬೇಸ್ ಮಾಡೆಲ್ ಧಾರಾಳವಾಗಿ ಸಾಕು. ಮುಂಗಡ ಕೊಡುವ ಮೊದಲು ಮನೆಗೆ ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ನೋಡಿಸಿ.