ಬೆಳೆಯುವ ನಕ್ಷೆಯ ದೋಷಗಳೂ ಅವುಗಳ ಪರಿಶೋಧನೆಯೂ

ವ್ಯಾಪಾರದ ಅಂಕಿಗಳನ್ನು ಗೆರೆಗಳ ಮೂಲಕ ತೋರಿಸುವ ಪದ್ಧತಿಯನ್ನು ವಿಲಿಯಂ ಪ್ಲೇಫೇರನು 1786ರಲ್ಲಿ ತನ್ನ ಗ್ರಂಥವೊಂದರಲ್ಲಿ ಮುಂದಿಟ್ಟನು. ತಗಡಿನಲ್ಲಿ ಒಮ್ಮೆ ಕೊರೆದ ಆ ನಕ್ಷೆಗಳು ಬದಲಾಗುವಂತಿರಲಿಲ್ಲ. ಇಂದಿನ ಎಕ್ಸೆಲ್ ಹಾಳೆಯ ನಕ್ಷೆಯಾದರೋ ಹೊಸ ಅಂಕಿ ಬಂದಂತೆಲ್ಲ ತಾನಾಗಿಯೇ ಬೆಳೆಯಬಲ್ಲದು. ಆದರೆ ಈ ಸೌಕರ್ಯದೊಡನೆ ಒಂದು ಅಪಾಯವೂ ಸೇರಿಕೊಂಡಿದೆ: ಬೆಳೆಯಬೇಕಾದ ನಕ್ಷೆ ನಿಂತುಹೋದರೂ ನೋಡುವವರಿಗೆ ಅದು ತಿಳಿಯುವುದಿಲ್ಲ.

ಬ್ಯಾಂಕೊಂದರ ಹಾಳೆಯಲ್ಲಿ ‘ಎ’ ಕಾಲಮ್ಮಿನಲ್ಲಿ ತಿಂಗಳುಗಳೂ ‘ಬಿ’ ಕಾಲಮ್ಮಿನಲ್ಲಿ ಠೇವಣಿಯ ಮೊತ್ತಗಳೂ ಇವೆಯೆಂದು ಇಟ್ಟುಕೊಳ್ಳಬಹುದು. ಇಲ್ಲಿ ಹೆಸರನ್ನು ಕೊಡುವುದು ಗೊತ್ತಾದ ಮನೆಗಳಿಗಲ್ಲ, ಒಂದು ಸೂತ್ರಕ್ಕೆ. ‘ಕೌಂಟ್‌ಎ’ ತುಂಬಿದ ಮನೆಗಳನ್ನು ಎಣಿಸುತ್ತದೆ. ತಲೆಬರಹಕ್ಕಾಗಿ ಅದರಲ್ಲಿ ಒಂದನ್ನು ಕಳೆಯಬೇಕು. ಉಳಿದಷ್ಟು ಉದ್ದದ ವ್ಯಾಪ್ತಿಯನ್ನು ‘ಆಫ್‌ಸೆಟ್’ ಗುರುತಿಸಿಕೊಡುತ್ತದೆ. ನಕ್ಷೆ ಈ ಹೆಸರನ್ನು ನಂಬಿ ನಿಂತಿರುವುದರಿಂದ ಪರಿಶೋಧನೆಯು ಹೆಸರಿನಿಂದಲೇ ಆರಂಭವಾಗತಕ್ಕದ್ದು.

ಮೊದಲನೆಯದು, ಹೆಸರನ್ನು ಜೋಡಿಸಿದ ಸ್ಥಳ. ನಕ್ಷೆಯ ಒಟ್ಟು ದತ್ತವ್ಯಾಪ್ತಿಯ ಪೆಟ್ಟಿಗೆಯಲ್ಲಿ ಹೆಸರನ್ನು ಬರೆದರೆ ಎಕ್ಸೆಲ್ ಅದನ್ನು ಆ ಕ್ಷಣದ ವಿಳಾಸವಾಗಿ ಮಾರ್ಪಡಿಸಿಬಿಡುತ್ತದೆ. ಮುಂದಿನ ತಿಂಗಳು ನಕ್ಷೆ ಬೆಳೆಯುವುದಿಲ್ಲ. ಹೆಸರನ್ನು ಪ್ರತಿಯೊಂದು ಶ್ರೇಣಿಯ ಮೌಲ್ಯಗಳ ಪೆಟ್ಟಿಗೆಯಲ್ಲಿ, ಮುಂದೆ ಹಾಳೆಯ ಅಥವಾ ಕಡತದ ಹೆಸರನ್ನೂ ಆಶ್ಚರ್ಯಸೂಚಕ ಚಿಹ್ನೆಯನ್ನೂ ಸೇರಿಸಿಯೇ ಬರೆಯಬೇಕು. ಸೂತ್ರದ ವಿಳಾಸಗಳಲ್ಲಿ ಡಾಲರ್ ಚಿಹ್ನೆ ಬಿಟ್ಟುಹೋಗಿದ್ದರೆ ವ್ಯಾಪ್ತಿಯು ಸ್ಥಾನಪಲ್ಲಟಗೊಳ್ಳುವುದುಂಟು.

ಎರಡನೆಯದು, ಎಣಿಕೆ. ಗಂಭೀರವಾದ ತಪ್ಪುಗಳು ಇಲ್ಲಿಯೇ ಅಡಗಿರುತ್ತವೆ. ಏಪ್ರಿಲಿನಿಂದ ಅಕ್ಟೋಬರಿನವರೆಗೆ 7 ತಿಂಗಳು. ಸೆಪ್ಟೆಂಬರಿನ ಮೊತ್ತ ಬಾರದೆ ಆ ಮನೆ ಖಾಲಿ ಉಳಿದರೆ ಎಣಿಕೆ 6 ಆಗುತ್ತದೆ; ವ್ಯಾಪ್ತಿ ಸೆಪ್ಟೆಂಬರಿಗೆ ನಿಲ್ಲುತ್ತದೆ. ಅಕ್ಟೋಬರಿನ ಮೊತ್ತ ಹಾಳೆಯಲ್ಲಿದ್ದರೂ ಗೆರೆ ಆಗಸ್ಟಿಗೇ ಮುಗಿಯುತ್ತದೆ. ಇದಕ್ಕೆ ವಿರುದ್ಧವಾಗಿ, ಮುಂದಿನ ತಿಂಗಳುಗಳ ಮನೆಗಳಲ್ಲಿ ಬರಿದಾಗಿ ಕಾಣುವ ಸೂತ್ರಗಳಿದ್ದರೆ ಅವೂ ಎಣಿಕೆಗೆ ಸೇರುತ್ತವೆ; ಆಗ ಠೇವಣಿ ಶೂನ್ಯಕ್ಕೆ ಕುಸಿದಂತೆ ಗೆರೆ ಇಳಿಯುತ್ತದೆ. ಕಾಲಮ್ಮಿನ ಅಡಿಯಲ್ಲಿ ಬರೆದ ಒಟ್ಟು ಮೊತ್ತವೂ ಎಣಿಕೆಯನ್ನು ಕೆಡಿಸುತ್ತದೆ.

ಪರಿಹಾರ ಸರಳವಾದುದು. ಎಣಿಕೆಯನ್ನು ತಿಂಗಳುಗಳ ಕಾಲಮ್ಮಿನಿಂದ ಮಾತ್ರ ಪಡೆದು, ಠೇವಣಿಯ ವ್ಯಾಪ್ತಿಯನ್ನು ತಿಂಗಳುಗಳ ಹೆಸರಿನಿಂದಲೇ ಒಂದು ಕಾಲಮ್ಮು ಬಲಕ್ಕೆ ಸರಿಸಿ ನಿರೂಪಿಸಬೇಕು. ಮುಂಬರುವ ತಿಂಗಳುಗಳನ್ನು ಮೊದಲೇ ಬರೆದಿಡಬಾರದು. ಆಗ ಎರಡೂ ವ್ಯಾಪ್ತಿಗಳ ಉದ್ದ ಒಂದೇ ಆಗಿರುತ್ತದೆ. ಬಾರದ ಮೊತ್ತದ ಜಾಗವೂ ನಕ್ಷೆಯಲ್ಲಿ ತೆರವಾಗಿಯೇ ಕಾಣುತ್ತದೆ. ಹೆಸರುಗಳ ಪಟ್ಟಿಯನ್ನು ತೆರೆದು ಸೂತ್ರದ ಮೇಲೆ ಕರ್ಸರ್ ಇಟ್ಟರೆ, ಆ ಹೆಸರು ಹಿಡಿದಿರುವ ಮನೆಗಳ ಸುತ್ತ ತುಂಡುಗೆರೆಯ ಚೌಕಟ್ಟು ಮೂಡುತ್ತದೆ. ಪರೀಕ್ಷೆಗೆ ಇದಕ್ಕಿಂತ ಸುಲಭವಾದ ಮಾರ್ಗವಿಲ್ಲ.

ತಾಳೆಪಟ್ಟಿ ಸರಿಹೊಂದಿದ ಮಾತ್ರಕ್ಕೆ ಲೆಕ್ಕ ನಿರ್ದುಷ್ಟವೆನ್ನಲಾಗದು. ಪೂರ್ತಿಯಾಗಿ ಬಿಟ್ಟುಹೋದ ನಮೂದು ಅದರಲ್ಲಿ ಕಾಣಿಸುವುದೇ ಇಲ್ಲ. ನಕ್ಷೆಯ ವಿಷಯವೂ ಅಂಥದೇ. ಅಂದವಾದ ಗೆರೆಯನ್ನು ನಂಬಿ ಆಡಳಿತ ಮಂಡಳಿಯು ನಿರ್ಣಯ ಕೈಗೊಳ್ಳುವ ಮುನ್ನ, ಆ ಗೆರೆ ಎಷ್ಟು ಮನೆಗಳನ್ನು ಎಣಿಸಿದೆಯೆಂದು ಒಬ್ಬರಾದರೂ ನೋಡಿರತಕ್ಕದ್ದು.